ತೂಬಿನ ಕಲ್ಲಿನ ಮೇಲೆ ಒಂದು ಮಾತು

ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಬೆಳಗಿನ ಆರೂವರೆ. ಕೆರೆಯ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಏರಿಯ ಮೇಲಿನ ಹೊಂಗೆ ಮರ ಅರ್ಧ ಮಾತ್ರ ಕಾಣುತ್ತಿತ್ತು. ನನ್ನ ಮೊಮ್ಮಗಳು ನಯನಾ ಅಷ್ಟು ಹೊತ್ತಿಗಾಗಲೇ ಏರಿಯ ಉದ್ದಕ್ಕೂ ಎರಡು ಸಲ ಓಡಾಡಿ, ಬಿದ್ದಿದ್ದ ಪ್ಲಾಸ್ಟಿಕ್ ಲೋಟ, ಚಿಪ್ಸ್ ಕವರ್ ಎಲ್ಲ ಆರಿಸಿ ಒಂದು ಗೋಣಿಚೀಲಕ್ಕೆ ತುಂಬಿದ್ದಳು. ಸೊಂಟಕ್ಕೆ ಪುಟ್ಟದೊಂದು ಸ್ಪೀಕರ್ ಕಟ್ಟಿಕೊಂಡು, ಕಿವಿಯಿಂದ ಬಾಯಿಯ ಹತ್ತಿರಕ್ಕೆ ಒಂದು ಕಡ್ಡಿ ಮೈಕು ಸಿಕ್ಕಿಸಿಕೊಂಡಿದ್ದಳು.

"ತಾತ, ನೀನು ಏನೂ ಮಾತಾಡ್ಬೇಡ. ಕಥೆ ಮುಗುದ್ಮೇಲೆ ನಾನು 'ಅಲ್ವಾ ತಾತ' ಅಂತೀನಿ. ನೀನು ತಲೆ ಆಡ್ಸು, ಅಷ್ಟೇ."

"ಆಯ್ತು ಕಣವ್ವ."

"ಎಲ್ಲಿ, ಒಂದ್ಸಲ ಆಡ್ಸು."

ಆಡಿಸಿದೆ.

"ಅಯ್ಯೋ, ಅಷ್ಟು ಜೋರಾಗಲ್ಲ. ಕೋಲೆ ಬಸವನ ಥರ ಆಯ್ತು."

ಇಬ್ಬರೂ ನಕ್ಕೆವು. ಅವಳು ನನ್ನ ಪಂಚೆಯ ಅಂಚು ಎಳೆದು ಸರಿ ಮಾಡಿದಳು. ಅವಳ ಕೈ ತಣ್ಣಗಿತ್ತು. ಚಳಿಗೆ ಅಂದುಕೊಂಡೆ. ಹೆದರಿಕೆಗೂ ಇರಬಹುದು. ಆ ದಿನ ಅವಳ ಕೆಲಸ ನಿರ್ಧಾರ ಆಗುವುದಿತ್ತು.

ನಯನಾ ನನ್ನ ಮಗ ಗಿರಿಯ ಮಗಳು. ಪಿಯುಸಿ ಆದ ಮೇಲೆ ಅವಳು ಟೂರಿಸಂ ಡಿಗ್ರಿ ಓದುತ್ತೇನೆ ಅಂದಾಗ ಗಿರಿ ನಕ್ಕಿದ್ದ. "ಊರು ತೋರ್ಸೋದನ್ನ ಓದ್ಬೇಕೇನಮ್ಮ? ಬೀಕಾಂ ಮಾಡು, ಎಲ್ಲಾದ್ರೂ ಕೂರ್ಬೋದು" ಅಂದಿದ್ದ. ಅವಳು ಕೂರುವ ಜಾತಿಯಲ್ಲ. ಮೂರು ವರ್ಷ ನಮ್ಮೂರು ಅಬ್ಬಿಗೆರೆಯಿಂದ ಎರಡು ಬಸ್ಸು ಬದಲಾಯಿಸಿ ಕಾಲೇಜಿಗೆ ಹೋದಳು. ಪ್ರಪಂಚದ ಊರುಗಳಿಗೆಲ್ಲ ವಿಮಾನದವರು ಮೂರು ಅಕ್ಷರದ ಗುರುತು ಇಟ್ಟಿದ್ದಾರಂತೆ. ಅವನ್ನು ಬಾಯಿಪಾಠ ಮಾಡಬೇಕಿತ್ತು. ನನಗೆ ಇಂಗ್ಲಿಷ್ ಬರುವುದಿಲ್ಲವಲ್ಲ, ಹಳೆಯ ಮದುವೆ ಪತ್ರಿಕೆಗಳ ಹಿಂದೆ ಕನ್ನಡದಲ್ಲೇ ಬರೆದುಕೊಟ್ಟಳು. ಸಾಯಂಕಾಲ ಜಗಲಿಯಲ್ಲಿ ಕೂತು ನಾನು ಒಂದೊಂದೇ ಕೇಳುತ್ತಿದ್ದೆ. ದುಬೈ? ಡಿ ಎಕ್ಸ್ ಬಿ. ಮಾಲೆ? ಎಂ ಎಲ್ ಇ. ನನ್ನ ಹೆಂಡತಿ ರಾಮಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದವಳು, "ಮಾಲೆ ಅಂದ್ರೆ ಊವಿಂದಾ?" ಅಂತ ಕೇಳುತ್ತಿದ್ದಳು. ಅದೊಂದು ದ್ವೀಪ ಅಜ್ಜಿ, ಸುತ್ತ ಸಮುದ್ರ ಅಂತ ನಯನಾ ಹೇಳುತ್ತಿದ್ದಳು.

ಓದು ಮುಗಿಯಿತು. ಫಸ್ಟ್ ಕ್ಲಾಸ್ ಬಂತು. ಕೆಲಸ ಬರಲಿಲ್ಲ. ಹೆಬ್ಬಾಳದ ಹತ್ತಿರದ ಒಂದು ದೊಡ್ಡ ಹೋಟೆಲಿನಲ್ಲಿ ಟ್ರೈನಿಂಗ್ ಅಂತ ಆರು ತಿಂಗಳು ಬಾಗಿಲಲ್ಲಿ ನಿಲ್ಲಿಸಿ ಕೈ ಮುಗಿಸಿದರು. ಆಮೇಲೆ ಹೊಸ ಬ್ಯಾಚಿನ ಮಕ್ಕಳು ಬಂದರು, ಇವಳನ್ನು ಸಾಕು ಅಂದರು. ಇವಳ ಜೊತೆ ಓದಿದ ಹುಡುಗರಲ್ಲಿ ಒಬ್ಬ ಏರ್‌ಪೋರ್ಟಿನಲ್ಲಿ ಹೆಸರಿನ ಬೋರ್ಡು ಹಿಡಿದು ನಿಲ್ಲುತ್ತಿದ್ದ. ಒಬ್ಬಳು ಬ್ಯಾಂಕಿನ ಕಾರ್ಡು ಮಾರುತ್ತಿದ್ದಳು. ಇಬ್ಬರು ಮೂವರು ಬಿ.ಎಡ್. ಸೇರಿದ್ದರು. "ಎಲ್ಲೋದ್ರೂ ಎಕ್ಸ್‌ಪೀರಿಯೆನ್ಸ್ ಇದೆಯಾ ಅಂತಾರೆ ತಾತ. ಕೆಲ್ಸಾನೇ ಕೊಡ್ದೆ ಎಲ್ಲಿಂದ ಬರುತ್ತೆ?" ಅಂತ ನನ್ನನ್ನು ಕೇಳುತ್ತಿದ್ದಳು.

ಕೊನೆಗೆ ಯಶವಂತಪುರದ ಒಂದು ಟ್ರಾವೆಲ್ಸ್‌ನವರು ಒಂದು ಅವಕಾಶ ಕೊಟ್ಟರು. ಬೆಂಗಳೂರಿನ ಸುತ್ತಮುತ್ತ ಒಂದೇ ದಿನದಲ್ಲಿ ನೋಡಿ ಬರುವ ಜಾಗಗಳನ್ನು ಅವರು ಹುಡುಕುತ್ತಿದ್ದರು. ಅಲ್ಲಿನ ಮ್ಯಾನೇಜರು ಅನಂತರಾಜು ಇವಳಿಗೆ ಹೇಳಿದ್ದು ಇಷ್ಟು: ಮೊದಲು ನಿಮ್ಮೂರ ಕೆರೆ, ಆಮೇಲೆ ಹೆಸರಘಟ್ಟದ ಹುಲ್ಲುಗಾವಲು, ಎರಡೂ ಸೇರಿಸಿ ಒಂದು ನಡಿಗೆ ಮಾಡಿ ತೋರಿಸು, ಹನ್ನೆರಡು ಜನರನ್ನು ಕರೆತರುತ್ತೇನೆ, ಅವರಿಗೆ ಹಿಡಿಸಿದರೆ ನೀನೇ ಪರ್ಮನೆಂಟ್ ಗೈಡು, ಇಲ್ಲದಿದ್ದರೆ ಇನ್ನೊಬ್ಬ ದ್ರಾಕ್ಷಿ ತೋಟದ ನಡಿಗೆ ಮಾಡಿದ್ದಾನೆ, ಅವನು. ಕೆರೆಗೆ ಒಂದು ಕಥೆ ಇರಲೇಬೇಕು ಅಂತಲೂ ಹೇಳಿದ್ದರಂತೆ. "ಜನಕ್ಕೆ ಕೆರೆ ಬೇಕಾಗಿಲ್ಲಮ್ಮ, ಕೆರೆ ಮೇಲೊಂದು ಕಥೆ ಬೇಕು."

ಅವಳು ಬಂದು ಮೊದಲು ಕೇಳಿದ್ದು ನನ್ನನ್ನೇ. ಯಾಕೆಂದರೆ ನಮ್ಮ ಮನೆಯವರು ಆ ಕೆರೆಯ ನೀರಗಂಟಿಗಳು. ತೂಬು ಎತ್ತುವುದು, ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು, ಕೋಡಿ ಕಾಯುವುದು, ಇವು ನನ್ನ ತಾತ, ನನ್ನ ಅಪ್ಪ, ಆಮೇಲೆ ನಾನು ಮಾಡಿದ ಕೆಲಸ. ಗದ್ದೆ ಬಯಲೆಲ್ಲ ಸೈಟುಗಳಾದ ಮೇಲೆ ತೂಬಿಗೆ ಸಿಮೆಂಟು ಮೆತ್ತಿದರು. ಕಲ್ಲು ಮಾತ್ರ ಹಾಗೇ ನಿಂತಿದೆ.

"ತಾತ, ಕೆರೆದು ಏನಾದ್ರೂ ಕಥೆ ಹೇಳು. ಏನಾದ್ರೂ. ನೀನು ಅಷ್ಟು ವರ್ಷ ಅಲ್ಲೇ ಇದ್ದೆ."

"ಏನ್ ಕಥೆ ಕಣವ್ವ. ನೀರ್ ಬಿಡ್ತಿದ್ವಿ. ನಿಲ್ಲುಸ್ತಿದ್ವಿ. ಅಷ್ಟೇಯ."

"ಅಷ್ಟೇನಾ?"

"ಅಷ್ಟೇಯ."

ಮೂರು ದಿನ ಬೇರೆ ಬೇರೆ ಥರ ಕೇಳಿದಳು. ನಾನು ಮೂರು ದಿನವೂ ಅದನ್ನೇ ಹೇಳಿದೆ. ನಾಲ್ಕನೆಯ ದಿನ ಅವಳೇ ಒಂದು ಕಥೆ ಕಟ್ಟಿಕೊಂಡು ಬಂದಳು. ಯಾವನೋ ಪಾಳೆಯಗಾರನ ಮಗಳು ಹುಣ್ಣಿಮೆಯ ದಿನ ಕುದುರೆಯ ಮೇಲೆ ಬಂದು ತೂಬಿನ ಹತ್ತಿರ ಚಿನ್ನದ ದೀಪ ತೇಲಿಬಿಡುತ್ತಿದ್ದಳಂತೆ. ಒಂದು ಹುಣ್ಣಿಮೆ ದೀಪದ ಹಿಂದೆಯೇ ನೀರಿಗೆ ಇಳಿದಳಂತೆ. ನನ್ನ ತಾತ ಆ ದೀಪವನ್ನು ಕಣ್ಣಾರೆ ಕಂಡಿದ್ದನಂತೆ. ಚೆನ್ನಾಗಿಯೇ ಇತ್ತು. ರಾಮಲಕ್ಷ್ಮಮ್ಮ ಕಣ್ಣು ಒರೆಸಿಕೊಂಡಳು. "ಅಯ್ಯೋ ಪಾಪ, ನಂಗೇ ಗೊತ್ತಿರ್ಲಿಲ್ವಲ್ಲ" ಅಂದಳು. "ಅಜ್ಜಿ, ನಾನೇ ಬರ್ದಿದ್ದು ಕಣಜ್ಜಿ" ಅಂದಳು ನಯನಾ. ತಲೆ ಆಡಿಸುತ್ತೇನೆ ಅಂತ ನಾನು ಒಪ್ಪಿಕೊಂಡೆ. ಹೊಂಗೆ ಮರದ ಕೆಳಗೆ ನಿಂತು ತಲೆ ಆಡಿಸುವುದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ.

ಎಂಟು ಗಂಟೆಗೆ ವ್ಯಾನು ಬಂತು. ಓಡಿಸಿಕೊಂಡು ಬಂದವನು ಬಾಗಲಗುಂಟೆಯ ಅಕ್ಬರ್ ಪಾಷಾ. ನನಗೆ ಮೂವತ್ತು ವರ್ಷದ ಪರಿಚಯ. ಇಳಿಯುತ್ತಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ಮುನಿಯಣ್ಣ, ಮದ್ವೆ ಗಂಡಿನ ಥರ ಇದ್ದೀಯ. ರಾಮಕ್ಕಂಗೆ ಗೊತ್ತಾ?"

"ಅವ್ಳೇ ಪಂಚೆ ಒಗ್ದು ಕೊಟ್ಟವ್ಳೆ ಕಣೋ."

"ಹಂಗಾದ್ರೆ ಸರಿ. ಮಗು ಹೆಂಗವ್ಳೆ? ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡವ್ಳೆ ನಂಗೆ, ಎಲ್ಲಿದ್ದೀರ ಎಲ್ಲಿದ್ದೀರ ಅಂತ. ಈ ಕೆಲ್ಸ ಅವ್ಳಿಗೇ ಸಿಗ್ಬೇಕು ನೋಡು."

ಹನ್ನೆರಡು ಜನ ಇಳಿದರು. ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ನೀರಿನ ಬಾಟ್ಲಿ. ನಡುವಯಸ್ಸಿನ ಒಬ್ಬ ಹೆಂಗಸು ನನ್ನ ಹತ್ತಿರ ಬಂದು ನಮಸ್ಕಾರ ಮಾಡಿದರು. ಅನಂತರಾಜು ಎಲ್ಲರಿಗಿಂತ ಹಿಂದೆ, ಏನನ್ನೂ ಹೇಳದೆ ಬರುತ್ತಿದ್ದರು. ನಯನಾ ಶುರು ಮಾಡಿದಳು. ಅವಳು ಅಷ್ಟು ಚೆನ್ನಾಗಿ ಮಾತಾಡುತ್ತಾಳೆ ಅಂತ ನನಗೆ ತಿಳಿದಿರಲಿಲ್ಲ. ಕನ್ನಡ, ಇಂಗ್ಲಿಷ್, ನಡುವೆ ಹಿಂದಿ. ಮಿಂಚುಳ್ಳಿ ಕೂತಿದ್ದು ಅವಳ ಕಣ್ಣಿಗೇ ಮೊದಲು ಬಿತ್ತು. ಕೋಡಿ ಅಂದರೇನು, ಏರಿ ಅಂದರೇನು ಅಂತ ಕೈಯಲ್ಲೇ ತೋರಿಸಿ ಹೇಳಿದಳು. ಜನ ಅವಳ ಹಿಂದೆ ಹಿಂದೆಯೇ ಹೋಗುತ್ತಿದ್ದರು. ಅನಂತರಾಜು ಒಂದು ಸಲ ತಮ್ಮಷ್ಟಕ್ಕೆ ನಕ್ಕಿದ್ದನ್ನು ನಾನು ನೋಡಿದೆ. ಕೆಲಸ ಸಿಕ್ಕಿತು ಅಂದುಕೊಂಡೆ.

ತೂಬಿನ ಹತ್ತಿರ ಬಂದೆವು. ಏರಿಯಿಂದ ನಾಲ್ಕು ಮೆಟ್ಟಿಲು ಇಳಿದರೆ ಎರಡು ಕಲ್ಲುಕಂಬ, ಅವುಗಳ ನಡುವೆ ಒಂದು ಹಾಸುಗಲ್ಲು. ಅವಳು ಹೇಳಿಕೊಟ್ಟ ಹಾಗೆ ನಾನು ಹೊಂಗೆ ಮರದ ಕೆಳಗೆ ನಿಂತೆ. ಆಗ ಅನಂತರಾಜು ಮೊದಲ ಸಲ ಬಾಯಿ ಬಿಟ್ಟರು.

"ನಯನಾ, ತಾತನವರನ್ನ ಆ ಕಲ್ಲಿನ ಮೇಲೆ ನಿಲ್ಸಮ್ಮ. ಫೋಟೋಗೆ ಚೆನ್ನಾಗಿರುತ್ತೆ. ಹಳೇ ತೂಬು, ಹಳೇ ನೀರಗಂಟಿ."

ಎಲ್ಲರೂ ಹೌದು ಹೌದು ಅಂದರು. ನಯನಾ ನನ್ನ ಕಡೆ ನೋಡಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಯಾವತ್ತು ಹೇಳಿದ್ದೆ?

ಆ ಕಲ್ಲಿಗೆ ನಮ್ಮೂರಲ್ಲಿ ಒಂದು ಕಟ್ಟಳೆ ಇತ್ತು. ನೀರಿನ ಜಗಳ ಬಂದರೆ ಗೌಡರ ಚಾವಡಿಗೆ ಹೋಗುತ್ತಿರಲಿಲ್ಲ. ನೀರಗಂಟಿಯನ್ನು ಬರಿಗಾಲಲ್ಲಿ ಆ ಕಲ್ಲಿನ ಮೇಲೆ ನಿಲ್ಲಿಸಿ ಒಂದೇ ಸಲ ಕೇಳುತ್ತಿದ್ದರು. ಅವನು ಹೇಳಿದ್ದೇ ಕೊನೆ. ಮತ್ತೆ ಯಾರೂ ಅದರ ಮೇಲೆ ಮಾತಾಡುತ್ತಿರಲಿಲ್ಲ. ಅಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನನ್ನಪ್ಪ ಆ ಕಲ್ಲಿನ ಮೇಲೆ ತನ್ನ ಸ್ವಂತ ತಮ್ಮನ ವಿರುದ್ಧ ಹೇಳಿದ್ದನ್ನು ನಾನು ಚಿಕ್ಕವನಾಗಿದ್ದಾಗ ನೋಡಿದ್ದೇನೆ.

ಆಗಲ್ಲ ಅನ್ನಬಹುದಿತ್ತು. ಮಂಡಿ ನೋವು ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಜನ ನೋಡುತ್ತಿದ್ದರು, ಮೊಮ್ಮಗಳ ಮುಖ ಅರಳಿತ್ತು. ಚಪ್ಪಲಿ ಬಿಟ್ಟು ಇಳಿದೆ. ಹೋಗಿ ಕಲ್ಲಿನ ಮೇಲೆ ನಿಂತೆ. ಐಸಿನ ಹಾಗೆ ಇತ್ತು.

ನಯನಾ ನನ್ನ ಪಕ್ಕಕ್ಕೆ ಬಂದು ನಿಂತು ಪಾಳೆಯಗಾರನ ಮಗಳ ಕಥೆ ಹೇಳಿದಳು. ಮನೆಯಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ಮಂಜು ಆಗತಾನೆ ಏಳುತ್ತಿತ್ತು. ಎಲ್ಲರೂ ನೀರನ್ನೇ ನೋಡುತ್ತಿದ್ದರು, ದೀಪ ಈಗ ಕಾಣುತ್ತದೆ ಅನ್ನುವ ಹಾಗೆ.

"ಆ ದೀಪಾನ ನಮ್ಮ ತಾತನ ತಾತ ಕಣ್ಣಾರೆ ನೋಡಿದ್ರು. ಅಲ್ವಾ ತಾತ?"

ತಲೆ ಆಡಿಸಬೇಕು ಅಂತ ನನಗೆ ಗೊತ್ತಿತ್ತು. ಕುತ್ತಿಗೆ ಅಲ್ಲಾಡಲಿಲ್ಲ.

"ಇಲ್ಲ" ಅಂದೆ.

ಅವಳು ನಕ್ಕಳು, ನನಗೆ ಕೇಳಿಸಲಿಲ್ಲ ಅಂದುಕೊಂಡು. ಇನ್ನೊಂದು ಸಲ ಜೋರಾಗಿ, "ತಾತ, ದೀಪ! ಹುಣ್ಣಿಮೆ ದೀಪ!" ಅಂದಳು.

"ಇಲ್ಲ ಕಣವ್ವ. ಅಂಗೇನೂ ನಡೀಲಿಲ್ಲ ಇಲ್ಲಿ."

ಅವಳ ಬಾಯಿ ಹತ್ತಿರದ ಮೈಕು ನನ್ನ ಮಾತನ್ನೂ ಹಿಡಿದಿತ್ತು. ಏರಿಯ ಮೇಲೆಲ್ಲ ಕೇಳಿಸಿತು. ಜೀನ್ಸ್ ಹಾಕಿದ್ದ ಒಬ್ಬ ಹುಡುಗ ಗೊಳ್ಳೆಂದು ನಕ್ಕ. "ಅಂದ್ರೆ ಇಷ್ಟೊತ್ತು ಹೇಳಿದ್ದೆಲ್ಲ ರೀಲಾ ಮೇಡಂ?" ಅಂದ. ಇನ್ನಿಬ್ಬರು ನಕ್ಕರು. ನಯನಾ ಏನೋ ಹೇಳಹೋದಳು, ಸ್ಪೀಕರಿನಿಂದ ಬರೀ ಉಸಿರು ಬಂತು.

ಆಗ, ಬೆಳಿಗ್ಗೆ ನನಗೆ ನಮಸ್ಕಾರ ಮಾಡಿದ್ದ ಆ ಹೆಂಗಸು ಒಂದು ಮೆಟ್ಟಿಲು ಇಳಿದು ಬಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

"ಹಾಗಾದ್ರೆ ಇಲ್ಲಿ ಏನು ನಡೀತು, ನೀವೇ ಹೇಳಿ ತಾತ. ಅದನ್ನೇ ಕೇಳ್ತೀವಿ."

ನಯನಾ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಹೇಳು ತಾತ, ಏನಾದ್ರೂ ಹೇಳು ಅನ್ನುತ್ತಿದ್ದಳು. ಹೇಳುವುದು ಇತ್ತು. ಒಂದೇ ಒಂದು ಇತ್ತು. ನಾನು ಕೆರೆಯ ಕಡೆ ತಿರುಗಿಕೊಂಡೆ. ಆ ಹೆಂಗಸು ಸ್ವಲ್ಪ ಹೊತ್ತು ಕಾದು ಮೇಲೆ ಹತ್ತಿ ಹೋದರು.

ಹುಲ್ಲುಗಾವಲಿನ ನಡಿಗೆ ಅಲ್ಲಿಗೇ ನಿಂತಿತು. ವ್ಯಾನು ಹೊರಡುವಾಗ ಅನಂತರಾಜು ನಯನಾಗೆ ಹೇಳಿದ್ದು ನನಗೂ ಕೇಳಿಸಿತು. ಕೆಟ್ಟ ಮನುಷ್ಯ ಅಲ್ಲ ಅವರು. "ನಿಮ್ಮ ತಾತನ ಮೇಲೆ ನನಗೆ ಗೌರವ ಇದೆಯಮ್ಮ. ಆದ್ರೆ ಗೆಸ್ಟ್‌ಗಳ ಮುಂದೆ ಒಂದ್ಸಲ ನಗೆಪಾಟಲಾದ ಜಾಗಕ್ಕೆ ಮತ್ತೆ ಕರ್ಕೊಂಡ್ ಬರೋಕಾಗಲ್ಲ. ಮುಂದೆ ಏನಾದ್ರೂ ಇದ್ರೆ ಹೇಳ್ತೀನಿ." ಅಕ್ಬರ್ ಪಾಷಾ ನನ್ನ ಹತ್ತಿರ ಬಂದ. ನನ್ನ ಹೆಗಲು ತಟ್ಟಿ ವ್ಯಾನು ಹತ್ತಿದ.

ಮನೆಗೆ ನಡೆದುಕೊಂಡು ಬರುವಾಗ ನಯನಾ ಗೋಣಿಚೀಲ ಎಳೆದುಕೊಂಡು ನನ್ನ ಮುಂದೆ ಹೋಗುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ರಾಮಲಕ್ಷ್ಮಮ್ಮ ಬಂದವರಿಗೆಲ್ಲ ಅಂತ ಅವರೆಕಾಳು ಹಾಕಿ ಉಪ್ಪಿಟ್ಟು ಮಾಡಿಟ್ಟಿದ್ದಳು. ಅಷ್ಟೂ ಹಾಗೇ ಉಳಿಯಿತು. ವಿಷಯ ಕೇಳಿ, "ತಲೆ ಆಡ್ಸು ಅಂದ್ರೆ ಬಾಯಿ ಯಾಕ್ ಬಿಟ್ಟೆ? ಐವತ್ತು ವರ್ಷ್ದಿಂದ ಮನೇಲಿ ಬಾಯಿ ಬಿಡ್ದೋನು, ಇವತ್ತೇ ಬಿಡ್ಬೇಕಾಗಿತ್ತಾ?" ಅಂದಳು. ಸರಿಯಾಗಿಯೇ ಕೇಳಿದಳು. ನಾನು ಎದ್ದು ಹಿತ್ತಲಿಗೆ ಹೋದೆ.

ದ್ರಾಕ್ಷಿ ತೋಟದ ಹುಡುಗನಿಗೆ ಕೆಲಸ ಸಿಕ್ಕಿತು. ನಯನಾ ಹೆಬ್ಬಾಳದ ಒಂದು ಆಫೀಸಿಗೆ ಸೇರಿದಳು. ಕಿವಿಗೆ ಫೋನು ಹಾಕಿಕೊಂಡು, ಟಿಕೆಟ್ ಕ್ಯಾನ್ಸಲ್ ಮಾಡುವವರ ಬೈಗುಳ ಕೇಳುವ ಕೆಲಸ. "ಊರು ನೋಡೋಕೆ ಹೋಗೋರ ಜೊತೆ ಇರ್ಬೇಕು ಅಂತ ಓದ್ದೆ ತಾತ. ಈಗ ಹೋಗ್ದೇ ಇರೋರ ಜೊತೆ ಇದ್ದೀನಿ" ಅಂತ ಒಂದು ದಿನ ನಗುತ್ತ ಹೇಳಿದಳು. ಮದುವೆ ಪತ್ರಿಕೆಗಳ ಕಟ್ಟು ಗೂಡಿನಲ್ಲೇ ಇತ್ತು. ಎಷ್ಟೋ ತಿಂಗಳು ಅವಳು ಅದನ್ನು ಮುಟ್ಟಲಿಲ್ಲ. ಆ ಭಾನುವಾರದ ಬಗ್ಗೆ ಒಂದೇ ಒಂದು ಮಾತೂ ಕೇಳಲಿಲ್ಲ.

ಜ್ಯೇಷ್ಠದಲ್ಲಿ, ಜೊತೆಯಲ್ಲಿ ಓದಿದ ಗೆಳತಿಯ ಮೂಲಕ, ಮಾಲ್ಡೀವ್ಸಿನ, ಅಂದರೆ ಆ ಮಾಲೆಯ ಕಡೆಯ, ಒಂದು ರೆಸಾರ್ಟಿನಲ್ಲಿ ಕೆಲಸ ಇದೆ ಅಂತ ತಿಳಿಯಿತು. ದೋಣಿಯಲ್ಲಿ ಬಂದವರನ್ನು ಎದುರುಗೊಂಡು ರೂಮಿಗೆ ಕರೆದುಕೊಂಡು ಹೋಗುವುದು. ಎರಡು ವರ್ಷಕ್ಕೆ ಒಪ್ಪಂದ. ಗಿರಿ ಬೇಡ ಅಂದ, ಅವಳು ಬರೆದು ಕಳಿಸಿಯಾಗಿತ್ತು. ಆಷಾಢದಲ್ಲಿ ಹೊರಡಬಾರದು ಅಂತ ರಾಮಲಕ್ಷ್ಮಮ್ಮ ಹಟ ಹಿಡಿದಳು. ರೆಸಾರ್ಟಿನವರಿಗೆ ಆಷಾಢ ಅಂದರೇನು ಅಂತ ನಯನಾ ಇಂಗ್ಲಿಷಿನಲ್ಲಿ ಏನೇನು ಬರೆದಳೋ, ಶ್ರಾವಣದವರೆಗೆ ಬಿಟ್ಟರು.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ. ಅವಳು ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತಿದ್ದಳು. ನಾನು ಅಲ್ಲೇ ಗೋಡೆಗೆ ಒರಗಿ ಕೂತಿದ್ದೆ. ತಲೆ ಎತ್ತದೆಯೇ ಕೇಳಿದಳು.

"ತಾತ, ಅವತ್ತು ಯಾಕೆ ಹಂಗಂದೆ? ಸಿಟ್ಟಿಂದ ಕೇಳ್ತಿಲ್ಲ. ಗೊತ್ತಾಗ್ಬೇಕು ಅಷ್ಟೇ."

ಮೊದಲು ಕಲ್ಲಿನ ಕಟ್ಟಳೆ ಹೇಳಿ, ಆಮೇಲೆ ಐವತ್ತು ವರ್ಷಕ್ಕೂ ಮೇಲೆ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ.

ಅಪ್ಪ ತೀರಿಕೊಂಡು ನಾನು ನೀರಗಂಟಿ ಆದ ಎರಡನೆಯ ವರ್ಷ. ಕೆರೆಯಲ್ಲಿ ನೀರು ಅರ್ಧ ಇತ್ತು. ಭತ್ತ ಹಾಲು ತುಂಬುವ ಹೊತ್ತು. ಚಿಕ್ಕಬೈರಪ್ಪ ಅಂತ ಒಬ್ಬರಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಸರದಿಯ ದಿನ, ಅರ್ಧ ಹೊತ್ತು ಅವರ ಗದ್ದೆಗೆ ಬಿಟ್ಟು, ಉಳಿದರ್ಧ ನನ್ನ ಭಾವಮೈದುನನ ಗದ್ದೆಗೆ ತಿರುಗಿಸಿದೆ. ಹೊಸದಾಗಿ ಮದುವೆ ಆಗಿತ್ತು, ಹೆಂಡತಿಯ ತಮ್ಮ ಕೇಳಿದಾಗ ಇಲ್ಲ ಅನ್ನಲಾಗಲಿಲ್ಲ. ಎರಡು ದಿನ ಬಿಟ್ಟು, ಗದ್ದೆಯ ಒಂದು ಕಡೆ ಒಣಗಿದ್ದು ಕಂಡು, ಚಿಕ್ಕಬೈರಪ್ಪ ನನ್ನನ್ನು ಕಲ್ಲಿನ ಮೇಲೆ ನಿಲ್ಲಿಸಿದರು. "ಮುನಿವೆಂಕಟ, ನನ್ ಸರದಿ ನೀರು ಪೂರ್ತಿ ಬಿಟ್ಟೇನಪ್ಪ?" ಅಂದರು. "ಬಿಟ್ಟೆ" ಅಂದೆ. ಅವರು ಒಂದು ಮಾತೂ ಆಡದೆ ಹೋದರು. ಕಲ್ಲಿನ ಮೇಲೆ ಹೇಳಿದ ಮಾತಲ್ಲವಾ.

ಅವರ ಭತ್ತ ಜೊಳ್ಳಾಯಿತು. ಅದನ್ನಾದರೂ ಮರೆಯಬಹುದಿತ್ತೇನೋ. ಮರೆಯಲಾಗದ್ದು ಆಮೇಲಿನದು. ನೀರು ಪೂರ್ತಿ ಬಂದಿದೆ ಅಂದಮೇಲೆ ಗದ್ದೆಯ ಮಟ್ಟವೇ ಸರಿಯಿಲ್ಲ ಅಂತ ಚಿಕ್ಕಬೈರಪ್ಪ ತೀರ್ಮಾನ ಮಾಡಿಕೊಂಡರು. ಆ ಬೇಸಿಗೆ ಪೂರ್ತಿ, ಬಿಸಿಲಲ್ಲಿ, ಎತ್ತು ಕಟ್ಟಿ ಹಲಗೆ ಎಳೆಸಿ, ಮಣ್ಣು ಹೊತ್ತು, ಸರಿಯಾಗಿದ್ದ ಗದ್ದೆಯನ್ನು ಮತ್ತೆ ಮಟ್ಟ ಮಾಡಿದರು. ನಾನು ದಿನಾ ಏರಿಯ ಮೇಲಿಂದ ನೋಡುತ್ತಿದ್ದೆ. ನನ್ನನ್ನು ಕಂಡಾಗ, "ಎಲ್ಲೋ ಒಂದ್ ಮೂಲೆ ಎತ್ರ ಅದೆ ಕಣಪ್ಪ, ಸಿಗ್ತಿಲ್ಲ" ಅನ್ನುತ್ತಿದ್ದರು. ಕಲ್ಲಿನ ಮೇಲೆ ಕೇಳಿದ ಮೇಲೆ, ಸಾಯುವವರೆಗೂ ನನ್ನ ಮೇಲೆ ಸಂಶಯ ಪಡಲಿಲ್ಲ.

ಭಾವಮೈದುನನ ಮನೆಯಿಂದ ಆ ವರ್ಷ ನಮಗೊಂದು ಮೂಟೆ ಅಕ್ಕಿ ಬಂತು. ಉಂಡೆವು.

ನಯನಾ ಕೈಯಲ್ಲಿದ್ದ ದುಪ್ಪಟ್ಟ ಮಡಿಸುವುದನ್ನು ನಿಲ್ಲಿಸಿ ಕೂತಿದ್ದಳು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅಂದಳು:

"ಆ ಮೇಡಂ ಕೇಳಿದ್ರಲ್ಲ ತಾತ. ನಿಜವಾಗಿ ಏನು ನಡೀತು ಅಂತ."

"ಊಂ."

"ನಾನು ಮೂರು ದಿನ ಕೇಳಿದ್ನಲ್ಲ."

"ಊಂ ಕಣವ್ವ."

"ಇದೊಂದೇ ಸಾಕಾಗಿತ್ತು. ಚಿನ್ನದ ದೀಪ ಬೇಕಾಗಿರ್ಲಿಲ್ಲ."

ಅವಳು ಅಳಲಿಲ್ಲ, ನಾನೇ ಅತ್ತೆ. ನನ್ನ ಹತ್ತಿರ ಬಂದು ಕೂತಳು. ಆಮೇಲೆ, ಆ ಗದ್ದೆ ಎಲ್ಲಿತ್ತು ತೋರಿಸು ಅಂದಳು. ಇಬ್ಬರೂ ಏರಿಯ ಮೇಲೆ ಹೋದೆವು. ಚಿಕ್ಕಬೈರಪ್ಪನ ಗದ್ದೆ ಇದ್ದ ಕಡೆ ಈಗ ಮಾರ್ಬಲ್ ಗೋಡೌನು. ಹೊರಗೆ ಬಿಳಿ ಕಲ್ಲುಗಳನ್ನು ಸಾಲಾಗಿ ಒರಗಿಸಿದ್ದರು. ಅವಳು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳು. ಎಷ್ಟು ಅಗಲ ಇತ್ತು, ನೀರು ಯಾವ ಕಡೆಯಿಂದ ಬರುತ್ತಿತ್ತು, ಹಲಗೆ ಎಷ್ಟು ಉದ್ದ ಇರುತ್ತಿತ್ತು ಅಂತೆಲ್ಲ ಕೇಳಿದಳು. ಗೈಡುಗಳು ಕೇಳುವ ಹಾಗೆ ಕೇಳಿದಳು. ನಾನು ಎಲ್ಲಕ್ಕೂ ಹೇಳಿದೆ. ಅಷ್ಟು ಮಾತು ನಾನು ಒಂದೇ ದಿನ ಯಾವತ್ತೂ ಆಡಿರಲಿಲ್ಲ. ಕೇಳುವವಳು ಹೊರಟು ನಿಂತಿದ್ದಳು.

ಬೆಳಿಗ್ಗೆ ಅಕ್ಬರ್ ಪಾಷಾ ಕಾರು ತಂದ. ಪೆಟ್ಟಿಗೆ ಎತ್ತುತ್ತ, "ಏನಮ್ಮ ಇಷ್ಟು ಭಾರ, ತಾತನ್ನ ಒಳಗೆ ಹಾಕ್ಕೊಂಡಿದ್ದೀಯಾ?" ಅಂದ. ನಯನಾ ನಕ್ಕಳು. ಪೆಟ್ಟಿಗೆಯ ಹಿಡಿಗೆ ಒಂದು ಚೀಟಿ ಕಟ್ಟಿದ್ದಳು. ಮದುವೆ ಪತ್ರಿಕೆಯದೇ ತುಂಡು, ಹಿಂದೆ ಕನ್ನಡದಲ್ಲಿ ಬರೆದಿತ್ತು: ಎಂ ಎಲ್ ಇ. ನನಗೆ ಓದಲಿಕ್ಕೆ ಅಂತಲೇ ಕಟ್ಟಿದ್ದಳೋ ಏನೋ. ಅಜ್ಜಿಯ ಕಾಲಿಗೆ ಬಿದ್ದಳು, ನನ್ನ ಕಾಲಿಗೆ ಬಿದ್ದಳು, ಅಪ್ಪನನ್ನು ಮುಂದೆ ಕೂರಿಸಿ ತಾನು ಹಿಂದೆ ಕೂತಳು.

ಅವಳು ಹೋದದ್ದು ಶ್ರಾವಣದ ಮೊದಲನೆಯ ಗುರುವಾರ.